ಘಟೋತ್ಕಚನ ಅಸ್ಥಿಪಂಜರ: ಸತ್ಯಾಂಶ

"ಘಟೋತ್ಕಚನ ಅಸ್ಥಿಪಂಜರ ಸಿಕ್ಕಿದೆ, ವಿಕಾಸವಾದ ಸುಳ್ಳಾಯ್ತು" ಅನ್ನೋ ಫೋಟೊ ಗಂಗಾವತಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಅದು 2002ರಲ್ಲಿ ಫೋಟೊ ತಿದ್ದುವ ಸ್ಪರ್ಧೆಗೆ ಮಾಡಿದ ಚಿತ್ರ. ಅದರಲ್ಲಿ ಅಸ್ಥಿಪಂಜರ ಬಿದ್ದಿರುವಂತೆ ಕಾಣುವ ಗುಂಡಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ್ದು. 2000ರಲ್ಲಿ ಅಲ್ಲಿ ಆನೆಯ ದೂರದ ಸಂಬಂಧಿ ಮಾಸ್ಟೊಡಾನ್‌ನ ಮೂಳೆ ಅಗೆದು ತೆಗೆದಿದ್ದರು.

ನಮ್ಮ ಆನೆಗೊಂದಿ ಬಂಡೆಗಳಲ್ಲೂ ಇಂಥ ಮೂಳೆ ಇರಬಹುದಾ ಅಂತ ಕೆಲವರು ಕೇಳುತ್ತಾರೆ. ಇರಲ್ಲ. ಆ ಗ್ರಾನೈಟ್ ನೆಲದಾಳದಲ್ಲಿ ಕರಗಿದ್ದ ಶಿಲೆ ತಣ್ಣಗಾಗಿ ಗಟ್ಟಿಯಾದದ್ದು, ವಯಸ್ಸು ಸುಮಾರು 250 ಕೋಟಿ ವರ್ಷ, ಆಗ ಮೂಳೆ ಇರೋ ಪ್ರಾಣಿಯೇ ಭೂಮಿ ಮೇಲಿರಲಿಲ್ಲ. ಪಳೆಯುಳಿಕೆ ಜಾಸ್ತಿ ಸಿಗೋದು ಕೆಸರು, ಮರಳು ಪದರ ಪದರವಾಗಿ ಕೂತು ಕಲ್ಲಾದ ಕಡೆ.

ಅಂಜನಾದ್ರಿ ಮೆಟ್ಟಿಲು ಹತ್ತುವವರ ಭಕ್ತಿಗೆ ಈ ಫೋಟೊ ಏನೂ ಬೇಕಿಲ್ಲ ಅಲ್ವಾ? ಬಂಡೆಯ ವಯಸ್ಸು ಒಪ್ಪಿಕೊಂಡೇ ಹನುಮನಿಗೆ ಕೈ ಮುಗಿಯಬಹುದು.