ಇಪ್ಪತ್ತನಾಲ್ಕು ಸಾವಿರ ಪೆಟ್ಟಿಗೆ, ಒಂದು 'ನ್'

ನಮ್ಮ ಮಾವನ ತೀರ್ವೆ, ಅಂದರೆ ಭೂಕಂದಾಯದ, ರಸೀದಿಯಲ್ಲಿ ಹೆಸರಿನ ಕೊನೆಗೆ ಒಂದು 'ನ್' ಅಂಟಿಕೊಂಡಿದೆ. ಕಾಸರಗೋಡಿನ ಕನ್ನಡಿಗರಿಗೆ ಇದು ಹೊಸ ಕಾಯಿಲೆಯೇನಲ್ಲ. ರಾತ್ರಿ ಕೃಷ್ಣನಾಗಿ ಮಲಗಿದವ ಬೆಳಗ್ಗೆ ಕಂಪ್ಯೂಟರಿನಲ್ಲಿ ಕೃಷ್ಣನ್ ಆಗಿ ಏಳುತ್ತಾನೆ. ಆ 'ನ್' ತೆಗೆಸಲು ಮಾವ ಕನ್ನಡದಲ್ಲಿ ಅರ್ಜಿ ಕೊಟ್ಟರು. ಇಲ್ಲಿನವರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ ಭಾಷಾ ಕಾಯ್ದೆಯಲ್ಲೇ ಇದೆ. ಕಾಯ್ದೆ ಇದೆ. ಓದುವವರು ರಜೆಯಲ್ಲಿದ್ದಾರೆ.

ಮೂರು ತಿಂಗಳು ಬಿಟ್ಟು ಕೇಳಿದರೆ, "ಫೈಲು ತಿರುವನಂತಪುರಕ್ಕೆ ಹೋಗಿದೆ" ಅಂದರು. ಹಿಂದೆ ಕಾಶಿಗೆ ಹೋಗುತ್ತಿದ್ದ ಹಾಗೆ. ಬಂದರೆ ಬಂತು.

ಅದೇ ತಿರುವನಂತಪುರದ ವಿಳಿಂಜಂ ಬಂದರಿಗೆ 2025ರ ಜೂನ್ 9ರಂದು ಎಂಎಸ್‌ಸಿ ಐರಿನಾ ಎಂಬ ಕಂಟೇನರ್ ಹಡಗು ಬಂತು. 399.9 ಮೀಟರ್ ಉದ್ದ, 61.3 ಮೀಟರ್ ಅಗಲ. ಮಾವನ ಎರಡು ಎಕ್ರೆ ತೋಟವನ್ನು ಬುಡಸಮೇತ ಎತ್ತಿಟ್ಟರೂ ಅಡಿಕೆ ಒಣಗಿಸಲು ಅಂಗಳ ಉಳಿದೀತು. 20 ಅಡಿಯ ಪೆಟ್ಟಿಗೆ ಲೆಕ್ಕದಲ್ಲಿ 24,346 ಹಿಡಿಸುತ್ತದೆ. ಇದೇ ಅಚ್ಚಿನ ಅಕ್ಕತಂಗಿಯರು ಇನ್ನೂ ಇದ್ದಾರೆ.

"ಇಷ್ಟರಲ್ಲಿ ಒಂದು ಪೆಟ್ಟಿಗೆ ಬೇಕು ಅಂದರೆ ಹುಡುಕುವುದು ಯಾರು ಮಾರಾಯ?" ಮಾವ ಕೇಳಿದರು.

"ಹುಡುಕುವುದೇ ಇಲ್ಲ ಮಾವ" ಅಂದೆ.

ಪ್ರತಿ ಪೆಟ್ಟಿಗೆಯ ಮೈಮೇಲೆ ನಾಲ್ಕು ಅಕ್ಷರ, ಏಳು ಅಂಕಿ. ಕೊನೆಯ ಅಂಕಿ ಸುಮ್ನೆ ಬರೆದದ್ದಲ್ಲ, ಅದಕ್ಕೆ ಮೊದಲಿನ ಹತ್ತನ್ನು ಗುಣಿಸಿ ಕೂಡಿ ತೆಗೆದದ್ದು. ಯಾರಾದರೂ ಒಂದು ಅಂಕಿ ತಪ್ಪು ಒತ್ತಿದರೆ ಹೆಚ್ಚಾಗಿ ಲೆಕ್ಕ ತಾಳೆಯಾಗುವುದಿಲ್ಲ. ಹಡಗಿನಲ್ಲಿ ಪೆಟ್ಟಿಗೆ ಕೂತ ಜಾಗಕ್ಕೂ ಆರು ಅಂಕಿ. ಮೊದಲ ಎರಡು ಉದ್ದಕ್ಕೆ, ಮುಂದಿನ ಎರಡು ಅಡ್ಡಕ್ಕೆ, ಕೊನೆಯ ಎರಡು ಎಷ್ಟನೇ ಅಟ್ಟಿ ಎನ್ನುವುದಕ್ಕೆ. ನಡುವಿನಿಂದ ಬಲಕ್ಕೆ ಬೆಸ, ಎಡಕ್ಕೆ ಸರಿ. ಚೀನಾದವನು ಇಟ್ಟದ್ದನ್ನು ಯುರೋಪಿನವನು ಇಳಿಸುತ್ತಾನೆ. ನಡುವೆ ಅನುವಾದಕರ ಹುದ್ದೆ ಖಾಲಿ ಬೀಳುವ ಪ್ರಶ್ನೆಯೇ ಇಲ್ಲ.

ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಆಮೇಲೆ, "ಅಲ್ಲಿ ಕೊನೆಯ ಅಂಕಿ ತಪ್ಪು ಹಿಡಿಯುತ್ತದೆ. ನಮ್ಮಲ್ಲಿ ಕೊನೆಯ ಅಕ್ಷರವೇ ತಪ್ಪು, ಅಲ್ವಾ?" ಅಂದರು.

ದೊಡ್ಡ ಹಡಗಿಗೆ ತೊಂದರೆ ಬರುವುದಿಲ್ಲ ಅಂತಲ್ಲ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಿತ್ತು. ಅದೂ 400 ಮೀಟರಿನದ್ದೇ. ಲೋಕವೆಲ್ಲ ಬೊಬ್ಬೆ ಹಾಕಿತು. ಮಣ್ಣು ತೋಡಿದರು, ಟಗ್ ದೋಣಿ ಕಟ್ಟಿ ಎಳೆದರು, ಹುಣ್ಣಿಮೆಯ ಉಬ್ಬರವೂ ಕೈಜೋಡಿಸಿ ಎತ್ತಿತು. ಆರು ದಿನದಲ್ಲಿ ಹಡಗು ಹೊರಟಿತು. ಮಾವನ ಅರ್ಜಿ ಒಂದೇ ಹಾಳೆ. ಒಂದು ಮೇಜಿನಿಂದ ಪಕ್ಕದ ಮೇಜಿಗೆ ದಾಟಲು ಹೋಗಿ ಎಲ್ಲೋ ಅಡ್ಡ ನಿಂತಿದೆ. ಹನ್ನೊಂದು ಹುಣ್ಣಿಮೆ ಕಳೆಯಿತು. ತಿರುವನಂತಪುರಕ್ಕೆ ಹೋದದ್ದೆಲ್ಲ ಸುಳ್ಳು, ಅದು ಕಪಾಟಿನ ಅಡಿಯಲ್ಲೇ ಇರಬೇಕು ಅಂತ ನನ್ನ ಗುಮಾನಿ.

ಹೊಸ ಅರ್ಜಿ ಕೊಡುವಾಗ ಮಾವ ಒಂದು ಕೆಲಸ ಮಾಡಿದರು. ಹೆದ್ದಾರಿಯಲ್ಲಿ ನಿಂತಿದ್ದ ಕಂಟೇನರ್ ಲಾರಿಯ ನಂಬರನ್ನು, ಅಂದರೆ ಪೆಟ್ಟಿಗೆಯದ್ದನ್ನು, ನೋಡಿ ಬರೆದುಕೊಂಡು ಬಂದು ಲಕೋಟೆಯ ಮೇಲೆ ಕೆಂಪು ಪೆನ್ನಿನಲ್ಲಿ ದಪ್ಪಕ್ಕೆ ಬರೆದರು. ನಾಲ್ಕು ಅಕ್ಷರ, ಏಳು ಅಂಕಿ. ಗುಮಾಸ್ತರು ಮೊದಲ ಸಲ ಕನ್ನಡಕ ಹಾಕಿ ನೋಡಿದರು. ರಿಜಿಸ್ಟರಿಗೂ ಏರಿಸಿದರು.

ಹದಿನಾರನೇ ದಿನ ಉತ್ತರ ಬಂತು. ಮಲೆಯಾಳದಲ್ಲಿ. ಬದಿಯಡ್ಕ ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೊಬ್ಬರು ಓದಿ ಹೇಳಿದರು: "ಸದರಿ ಪೆಟ್ಟಿಗೆಯನ್ನು ತೀರ್ವೆ ಕಟ್ಟಿದ ರಸೀದಿಯೊಂದಿಗೆ ಏಳು ದಿನದೊಳಗೆ ಕಚೇರಿಯಲ್ಲಿ ಹಾಜರುಪಡಿಸತಕ್ಕದ್ದು."

ನಂಬರು ತಾಳೆ ನೋಡಿದೆವು. ಹನ್ನೊಂದರಲ್ಲಿ ಒಂದೂ ತಪ್ಪಿರಲಿಲ್ಲ. ಮೇಲೆ ವಿಳಾಸದಲ್ಲಿ ಮಾವನ 'ನ್' ಇದ್ದಲ್ಲೇ ಕೂತಿತ್ತು.