ಒಂದು ಬಸ್ಸು ಎಷ್ಟು ಕಾರಿಗೆ ಸಮ?

ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ಎಂಟು ಮಹಡಿಯ ವಾಣಿಜ್ಯ ಸಂಕೀರ್ಣವೊಂದು ಏಳಲಿದೆ ಎಂದು ಭಾವಿಸಿಕೊಳ್ಳಿ. ಹೆಸರು ಹೇಳುವುದಿಲ್ಲ. ಒಬ್ಬರ ಹೆಸರು ಹೇಳಿದರೆ ಉಳಿದವರು, ನಾವೇನು ಕಡಿಮೆ ಮಾಡಿದ್ದೇವೆ ಎಂದು ಮುನಿಸಿಕೊಳ್ಳುತ್ತಾರೆ. ಈ ಕಟ್ಟಡದಿಂದ ಊರಿನ ಸಂಚಾರಕ್ಕೆ ಏನಾಗುತ್ತದೆ ಎಂದು ತಿಳಿಯಲು ಅಧ್ಯಯನವೂ ನಡೆದು, ವರದಿಯೂ ಸಿದ್ಧವಾಗಿ, ಸಾರ್ವಜನಿಕರು ನೋಡಿ ಆಕ್ಷೇಪಣೆ ಸಲ್ಲಿಸಲೆಂದು ಕಚೇರಿಯೊಂದರ ಮೇಜಿನ ಮೇಲೆ ಕುಳಿತಿದೆ. ಬಿಸಿಲಿಗೆ ಬಳಲಿ ಫ್ಯಾನಿನ ಕೆಳಗೆ ಕೂರಲು ಹೋದ ನಾನು, ಕೂತದ್ದಕ್ಕೊಂದು ಕಾರಣವಿರಲಿ ಎಂದು ಅದನ್ನು ಓದಿದೆ.

ಮೊದಲ ಪುಟದಲ್ಲೇ ಕಣ್ಣು ತುಂಬಿ ಬಂತು. ಬಸ್ ನಿಲ್ದಾಣವನ್ನು ಇಷ್ಟು ಪ್ರೀತಿಯಿಂದ ವರ್ಣಿಸಿದವರನ್ನು ನಾನು ಕಂಡಿರಲಿಲ್ಲ. ಕಟ್ಟಡಕ್ಕೆ ಬರುವ ಬಹುಪಾಲು ಜನ ಬಸ್ಸಿಳಿದು ನಡೆದೇ ಬರುತ್ತಾರಂತೆ. ಆದ್ದರಿಂದ ಅವರನ್ನು ವಾಹನಗಳ ಲೆಕ್ಕದಿಂದ ಕಳೆಯಲಾಗಿದೆ. ಹೇಗಿದ್ದರೂ ಆ ದಾರಿಯಲ್ಲೇ ಹೋಗುತ್ತಿದ್ದು, ಹಾಗೆಯೇ ಒಳಗೆ ಇಣುಕುವವರು ಹೊಸಬರಲ್ಲ, ಅವರನ್ನೂ ಕಳೆದರು. ಎರಡನೇ ಮಹಡಿಯಲ್ಲಿ ಸೀರೆ ಕೊಂಡು ಏಳನೇ ಮಹಡಿಯಲ್ಲಿ ದೋಸೆ ತಿನ್ನುವವರು ಬಂದದ್ದು ಒಂದೇ ಸಲ, ದೋಸೆಯನ್ನು ಕಳೆದರು. ಹೀಗೆ ಕಳೆಯುವ ಪದ್ಧತಿ ಬೇರೆ ದೇಶಗಳಲ್ಲೂ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ಇಲ್ಲಿ ಕಳೆದು ಕಳೆದು ಉಳಿದದ್ದನ್ನು ನೋಡಿದರೆ, ಎಂಟು ಮಹಡಿಗೆ ಕಾವಲುಗಾರ ಮತ್ತು ಅವನಿಗೆ ಬುತ್ತಿ ತರುವ ಮಗ ಇಬ್ಬರೇ ಬರುವಂತಿತ್ತು. ಅದೇ ಸಂಕೀರ್ಣದ ಮಳಿಗೆಗಳನ್ನು ಬಾಡಿಗೆಗೆ ಕೊಡುವ ಬಣ್ಣದ ಕರಪತ್ರ ನನ್ನ ಚೀಲದಲ್ಲಿತ್ತು. ಅದರ ತುಂಬ ಜನಸಾಗರ. ಕಚೇರಿಗೆ ಕೊಟ್ಟ ಕಾಗದದಲ್ಲಿ ಯಾರೂ ಬರುವುದಿಲ್ಲ, ಬಾಡಿಗೆದಾರರಿಗೆ ಕೊಟ್ಟ ಕಾಗದದಲ್ಲಿ ಇಡೀ ಮೈಸೂರು ಬರುತ್ತದೆ. ಜಾತಕ ಒಂದೇ, ಜೋಯಿಸರು ಇಬ್ಬರು.

ವಾಹನ ಎಣಿಸಲು ದಿನ ಗೊತ್ತುಮಾಡಿದ ರೀತಿಯಂತೂ ಯಾವ ಪುರೋಹಿತರಿಗೂ ಕಡಿಮೆಯಲ್ಲ. ದಸರಾ ಅಸಾಮಾನ್ಯ ಸಂದರ್ಭ, ಬೇಡ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ಬೇಡ. ಬೇಸಿಗೆ ರಜೆ ಬೇಡ. ಭಾನುವಾರ ಸಂಜೆ ಊರಿಗೆ ಊರೇ ಅರಮನೆಯ ದೀಪ ನೋಡಲು ಹೊರಡುತ್ತದೆ, ಬೇಡ. ಮದುವೆಯ ಮುಹೂರ್ತಗಳಿರುವ ತಿಂಗಳುಗಳು ಬೇಡವೇ ಬೇಡ. ಆಷಾಢವೇನೋ ಒಳ್ಳೆಯದು, ಆದರೆ ಅದರ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ನೂಕುನುಗ್ಗಲು. ಸೋಸಿ ಸೋಸಿ ಕೊನೆಗೆ ಸಿಕ್ಕಿದ್ದು ಆಷಾಢದ ಒಂದು ಮಂಗಳವಾರ. ನಮ್ಮ ಮನೆಯಲ್ಲಿ ಆ ದಿನ ಹೊಸ ಸೂಜಿಯನ್ನೂ ಕೊಳ್ಳುವುದಿಲ್ಲ. ಸಂಚಾರ ಸಹಜವಾಗಿತ್ತು ಎಂದು ವರದಿ ಹೇಳುತ್ತದೆ. ನನಗೆ ನೆನಪಿರುವಂತೆ ಮಳೆಯೂ ಇತ್ತು.

ಇನ್ನು ರಸ್ತೆಗೆ ಅಂಕ ಕೊಡುವ ಅಧ್ಯಾಯ. ವಾಹನಗಳು ಸರಾಗವಾಗಿ ಹರಿದರೆ 'ಎ', ಉಸಿರುಗಟ್ಟಿ ನಿಂತರೆ 'ಎಫ್'. ಅಮೆರಿಕದ ಹೆದ್ದಾರಿ ಎಂಜಿನಿಯರುಗಳು ಹೆತ್ತ ಕೂಸು ಇದು. ನಮ್ಮ ವೃತ್ತಕ್ಕೆ ಈಗಾಗಲೇ 'ಎಫ್' ಬಂದಿದೆ. ಕಟ್ಟಡ ಎದ್ದ ಮೇಲೆ? ಆಗಲೂ 'ಎಫ್'. ಆದಕಾರಣ ಗಮನಾರ್ಹ ಬದಲಾವಣೆ ಇಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಆರೂ ವಿಷಯಗಳಲ್ಲಿ ನಪಾಸಾಗಿ, ಮಾರನೆಯ ವರ್ಷವೂ ಆರರಲ್ಲೂ ನಪಾಸಾಗಿ, ಹೋದ ಸಲಕ್ಕಿಂತ ಏನೂ ಕೆಟ್ಟಿಲ್ಲ ಎಂದು ಅಪ್ಪನಿಗೆ ಹೇಳಿದ್ದ. ಅವರು ಹೊಡೆದರು. ಹೊಡೆಯಬಾರದಿತ್ತು, ಅವನು ಸಲಹಾ ಸಂಸ್ಥೆ ತೆರೆಯಬೇಕಾದವನು.

ಈ ಅಂಕಪಟ್ಟಿಗೆ ತವರಿನಲ್ಲೇ ಮರ್ಯಾದೆ ಇಳಿದಿದೆ. ಸಿಗ್ನಲ್ಲಿನಲ್ಲಿ ಕಾರು ಎಷ್ಟು ಹೊತ್ತು ಕಾಯಿತು ಎಂಬುದನ್ನು ಪರಿಸರ ಪರಿಣಾಮದ ಲೆಕ್ಕದಿಂದ ಕೈಬಿಡಲು ಕ್ಯಾಲಿಫೋರ್ನಿಯಾದವರು 2013ರಲ್ಲಿ ಕಾನೂನು ತಂದರು. ಕಟ್ಟಡದಿಂದಾಗಿ ಕಾರುಗಳು ಒಟ್ಟು ಎಷ್ಟು ಮೈಲಿ ಓಡುತ್ತವೆ ಎಂದು ಎಣಿಸುವುದೇ 2020ರ ಜುಲೈಯಿಂದ ಅಲ್ಲಿ ರಾಜ್ಯಕ್ಕೆಲ್ಲ ನಿಯಮ. ಅವರು ಬಿಚ್ಚಿಟ್ಟ ಅಂಗಿಯನ್ನು ನಾವು ಇಸ್ತ್ರಿ ಮಾಡಿ ಹಬ್ಬಕ್ಕೆ ಹಾಕಿಕೊಂಡಿದ್ದೇವೆ.

ನನಗೆ ಅತ್ಯಂತ ಹಿಡಿಸಿದ್ದು ಅನುಬಂಧದಲ್ಲಿರುವ ಕೋಷ್ಟಕ. ಇದು ನಮ್ಮದೇ, ಭಾರತೀಯ ರಸ್ತೆ ಕಾಂಗ್ರೆಸ್ಸಿನದು (ಪಕ್ಷವಲ್ಲ, ರಸ್ತೆ ಎಂಜಿನಿಯರುಗಳ ಸಂಸ್ಥೆ), 1990ರದು. ನಗರದ ರಸ್ತೆಯ ಮೇಲೆ ಚಲಿಸುವುದನ್ನೆಲ್ಲ ಕಾರಿನ ತಕ್ಕಡಿಯಲ್ಲಿ ತೂಗುತ್ತದೆ. ಕಾರು 1. ಸ್ಕೂಟರು 0.5, ಅದೇ ಹೆಚ್ಚಿರುವ ರಸ್ತೆಯಲ್ಲಿ 0.75. ಆಟೊ 1.2ರಿಂದ 2. ಬಸ್ಸು 2.2ರಿಂದ 3.7. ಕೈಗಾಡಿ 2ರಿಂದ 3. ಜಟಕಾ ಗಾಡಿ 1.5ರಿಂದ 2! ಓದಿ ಹೆಮ್ಮೆಯಾಯಿತು. ಅರಮನೆಯ ಸುತ್ತ ಪ್ರವಾಸಿಗಳನ್ನು ಸುತ್ತಿಸುವ ನಮ್ಮ ಟಾಂಗಾ ಕುದುರೆಗೆ ಇಂದಿಗೂ ಕಾರಿಗಿಂತ ಹೆಚ್ಚಿನ ತೂಕ. ಆನೆಗೆ ಮಾತ್ರ ಅಂಕವಿಲ್ಲ. 750 ಕಿಲೊ ಅಂಬಾರಿ ಹೊತ್ತು ಸಯ್ಯಾಜಿರಾವ್ ರಸ್ತೆಯ ಮೂಲಕ ಬನ್ನಿಮಂಟಪದ ಕಡೆಗೆ ನಡೆಯುವ ಪ್ರಾಣಿ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದ ಇನ್ನೊಂದು ಪ್ರಾಣಿ, ನಡೆದು ಹೋಗುವ ಮನುಷ್ಯ.

ಇದು ಕೋಷ್ಟಕದ ತಪ್ಪಲ್ಲ. ಯಾವ ವಾಹನ ಎಷ್ಟು ರಸ್ತೆ ತಿನ್ನುತ್ತದೆ ಎಂದು ತಿಳಿಯಲು ಮಾಡಿದ್ದು ಅದು. ಅರವತ್ತು ಜನರನ್ನು ಹೊತ್ತ ಬಸ್ಸು ನಾಲ್ಕು ಕಾರಿನಷ್ಟೂ ಜಾಗ ತಿನ್ನುವುದಿಲ್ಲ ಎಂಬ ಸತ್ಯವನ್ನು ಅದೇ ಹೇಳುತ್ತಿದೆ. (2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅರವತ್ತು ಎಂಬುದು ಹೆಚ್ಚುಕಡಿಮೆ ಖಾಲಿ ಬಸ್ಸಿನ ಲೆಕ್ಕ.) ಐದು ಸ್ಕೂಟರು ಸೇರಿದರೆ ಬಸ್ಸಿನ ತೂಕ ಬಂದುಬಿಡುತ್ತದೆ, ಸಾಗುವ ಜನ ಹತ್ತೇ. ವರದಿ ಬರೆದವರು ಅದೇ ಅಂಕಿಯನ್ನು ತಲೆಕೆಳಗಾಗಿ ಹಿಡಿದು ಓದಿದ್ದಾರೆ. ಪ್ರತಿಯೊಂದು ಬಸ್ಸೂ 3.7 ಕಾರುಗಳಷ್ಟು ಅಡಚಣೆ ಉಂಟುಮಾಡುತ್ತದೆ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಅಡಚಣೆ! ಮೊದಲ ಪುಟದಲ್ಲಿ ಆರತಿ ಎತ್ತಿ ಒಳಗೆ ಕರೆದ ನೆಂಟನಿಗೆ ಕೊನೆಯ ಅಧ್ಯಾಯದಲ್ಲಿ ಹಿತ್ತಿಲ ಬಾಗಿಲು ತೋರಿಸಿದ ಹಾಗಾಯಿತು.

ಪರಿಹಾರ ಕ್ರಮಗಳೂ ಅದಕ್ಕೆ ತಕ್ಕಂತೆಯೇ ಇವೆ. ಮುನ್ನೂರು ಕಾರು ನಿಲ್ಲುವ ಎರಡು ನೆಲಮಾಳಿಗೆ. ಯಾರೂ ಬರದ ಕಟ್ಟಡಕ್ಕೆ ಮುನ್ನೂರು ಕಾರು ಎಲ್ಲಿಂದ ಬಂದವು ಎಂದು ಹಿಂದಿನ ಪುಟಗಳನ್ನು ಮತ್ತೆ ತಿರುವಿದೆ, ಸಿಗಲಿಲ್ಲ. ಆ ಕಾರುಗಳು ಒಳಕ್ಕೆ ತಿರುಗಲು ಪಾದಚಾರಿ ಮಾರ್ಗದಿಂದ ಮೂರು ಅಡಿ. ಹೆಬ್ಬಾಗಿಲಿಗೆ ಅಡ್ಡವಾಗುವ ನಗರ ಸಾರಿಗೆ ಬಸ್ಸಿನ ತಂಗುದಾಣ ಅರ್ಧ ಕಿಲೋಮೀಟರ್ ಆಚೆಗೆ. ಬಸ್ಸಿಳಿದು ನಡೆದು ಬರುತ್ತಾರೆಂದು ಯಾರನ್ನು ಕಳೆದಿದ್ದರೋ ಅವರು ನಡೆಯಲು ಉಳಿದ ಜಾಗದಲ್ಲಿ ಎರಡು ಹೂಕುಂಡ. ಮುಖಪುಟದಲ್ಲಿ ಟ್ರಿಣ್ ಟ್ರಿಣ್ ಸೈಕಲ್ಲಿನ ಚಿತ್ರವೂ ಇದೆ. 2017ರಲ್ಲಿ ಆ ಬಾಡಿಗೆ ಸೈಕಲ್ಲುಗಳು ಬಂದ ಮೇಲೆ ಮೈಸೂರಿನ ವರದಿಗಳಿಗೆ ಗಣಪತಿಯ ಚಿತ್ರದ ಅಗತ್ಯ ಬೀಳುತ್ತಿಲ್ಲ.

ಇದೇ ಊರಿನಲ್ಲಿ ದೇವರಾಜ ಮಾರುಕಟ್ಟೆ ಇದೆ. ಶತಮಾನ ದಾಟಿದ ವಾಣಿಜ್ಯ ಸಂಕೀರ್ಣ; ನೆಲಮಾಳಿಗೆ ಇಲ್ಲ, ಕಟ್ಟುವಾಗ ಸಂಚಾರದ ವರದಿ ಬರೆದವರೂ ಇಲ್ಲ. ನಗರ ಬಸ್ ನಿಲ್ದಾಣದಲ್ಲಿ ಇಳಿದು ಕೃಷ್ಣರಾಜ ವೃತ್ತ ದಾಟಿದರೆ ಮಲ್ಲಿಗೆಯ ವಾಸನೆಯೇ ದಾರಿ ತೋರಿಸುತ್ತದೆ. ವೀಳ್ಯದೆಲೆಯ ಬುಟ್ಟಿ ಹೊತ್ತವರು, ಬಾಳೆಹಣ್ಣು ಕೊಳ್ಳುವವರು, ಸುಮ್ಮನೆ ದರ ಕೇಳಿ ಹೋಗುವ ನನ್ನಂಥವರು ಒಬ್ಬರ ಭುಜಕ್ಕೊಬ್ಬರು ತಾಗುತ್ತ ಓಡಾಡುತ್ತೇವೆ. ಕೋಷ್ಟಕದ ಪ್ರಕಾರ ಅಲ್ಲಿ ಯಾರೂ ಇಲ್ಲ.

ಇಷ್ಟನ್ನೂ ಬರೆದು ಮಾರನೆಯ ದಿನ ಆಕ್ಷೇಪಣೆ ಸಲ್ಲಿಸಲು ಹೋದೆ. ಹಿಂದಿನ ದಿನ ಚಹಾ ಕುಡಿಯಲು ಹೋಗಿದ್ದ ಗೇಟಿನ ಕಾವಲುಗಾರ ಈ ಸಲ ರಿಜಿಸ್ಟರ್ ಮುಂದಿಟ್ಟ. ಹೆಸರು, ಬಂದ ಕಾರಣ, ವಾಹನದ ಸಂಖ್ಯೆ. ನಡೆದು ಬಂದಿದ್ದೇನೆ ಎಂದೆ. ಅವನು ನನ್ನ ಹಿಂದೆ ಏನಾದರೂ ನಿಂತಿದೆಯೇ ಎಂದು ಬಗ್ಗಿ ನೋಡಿದ.

"ಖಾಲಿ ಬಿಟ್ಟರೆ ಸಾಹೇಬರು ಬಯ್ಯುತ್ತಾರೆ ಸಾರ್."

"ಮತ್ತೇನು ಮಾಡುವುದು?"

ಒಳ್ಳೆಯ ಮನುಷ್ಯ. ಸ್ವಲ್ಪ ಯೋಚಿಸಿ, ಮರದ ನೆರಳಿನಲ್ಲಿ ನಿಂತಿದ್ದ ತನ್ನ ಸ್ಕೂಟರಿನ ಸಂಖ್ಯೆಯನ್ನೇ ನನ್ನ ಹೆಸರಿನ ಮುಂದೆ ದುಂಡಗೆ ಬರೆದುಕೊಂಡ. ಸೊನ್ನೆಯಾಗಿ ಬಂದಿದ್ದ ನಾನು 0.75 ಆಗಿ ಒಳಗೆ ಹೋದೆ.