ಸರ್ವಾನುಮತದ ಗ್ರಾಮಸಭೆ ಮಾಡುವ ವಿಧಾನ

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಸಲೇಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆ ಪಟ್ಟು ಹಿಡಿದಿದೆ. ಹಾಗಂತ ಊರೆಲ್ಲ ಬರಬೇಕಿಲ್ಲ, ಕೋರಂ ತುಂಬಿದರೆ ಸಾಕು. ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅದು. ಅಂದರೆ ಹೆಚ್ಚೆಂದರೆ 100 ಸಹಿ.

ಮೊದಲು ಮುಹೂರ್ತ. ಕೊಯ್ಲು ಜೋರಾಗಿರುವ ಬುಧವಾರ ಬೆಳಿಗ್ಗೆ 11 ಗಂಟೆ ಪ್ರಶಸ್ತ. ಸಭೆಗೆ ಬಂದರೆ ಅಂದಿನ ಕೂಲಿ ಹೋಗುತ್ತದಾದ್ದರಿಂದ ಕೂಲಿಯವರು ಬರುವುದಿಲ್ಲ. ಪ್ರಚಾರಕ್ಕೆ ಕಸದ ಗಾಡಿಯ ಮೈಕಿದೆ. ಗಾಡಿ ಹೇಗೂ ಕಾಲೊನಿ ಕಡೆ ತಿರುಗುವುದಿಲ್ಲ.

ಜಾಗಕ್ಕೆ ದೇವಸ್ಥಾನದ ಅಂಗಳವೇ ಸರಿ. ಕಾಲೊನಿಯ ನಾಲ್ಕು ಜನ ಬಂದರೂ ಅರಳಿಕಟ್ಟೆಯಾಚೆ ನಿಲ್ಲುತ್ತಾರೆ. 'ಒಳಗೆ ಬರಬೇಡಿ' ಅಂತ ಯಾರೂ ಬಾಯಿಬಿಡಬೇಕಾಗಿಲ್ಲ. ಅದು ಸಿಗದಿದ್ದರೆ ಸಮುದಾಯ ಭವನದ ಮಹಡಿ. ಅಂಗವಿಕಲರ ಶೇ 5ರ ಅನುದಾನವನ್ನು ಮಹಡಿಯ ಮೇಲೆ ಚರ್ಚಿಸಿದರೆ ಗಾಲಿಕುರ್ಚಿಯವರಿಂದ ತಕರಾರು ಬರುವುದಿಲ್ಲ.

ಹಾಜರಾದವರಲ್ಲಿ ಶೇ 30 ಮಹಿಳೆಯರಿರಬೇಕು. ಇದು ಸಲೀಸು. ಆಶಾ, ಅಂಗನವಾಡಿಯವರಿಗೆ ಒಂದು ಫೋನ್, ಸ್ವಸಹಾಯ ಸಂಘದವರಿಗೆ 'ಸಾಲದ ವಿಷಯ ಇದೆ ಬನ್ನಿ' ಅನ್ನುವ ಒಂದು ಮಾತು, ಜಮಖಾನ ತುಂಬಿತು. ಅಧ್ಯಕ್ಷೆಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ. ಕಾನೂನು ಹೆಂಗಸರಿಗೆ ಶೇ 50 ಸ್ಥಾನ ಕೊಟ್ಟಿದೆ, ಮೈಕ್ ಕೊಟ್ಟಿಲ್ಲ. ಅದು ಯಜಮಾನರ ಕೈಲಿರುತ್ತದೆ.

ಅಸಲಿ ಕಸುಬೆಲ್ಲ ನಡಾವಳಿ ಪುಸ್ತಕದಲ್ಲಿ. ಎಡಪುಟ ಖಾಲಿ ಬಿಟ್ಟು ಬಲಪುಟದಿಂದ ಸಹಿ ಹಾಕಿಸಬೇಕು. ಠರಾವು ಮೊದಲೇ ಬರೆದಿಟ್ಟರೆ ಯಾರಾದರೂ ಓದಿಬಿಡುವ ಅಪಾಯವಿದೆ. ಉಪ್ಪಿಟ್ಟಿನ ಪಾತ್ರೆ ಪುಸ್ತಕದ ಆಚೆಗಿರಲಿ: ಸಹಿ ಹಾಕಿದವರಿಗೆ ತಟ್ಟೆ. ಲೆಕ್ಕ 60ಕ್ಕೆ ನಿಂತರೂ ಗಾಬರಿ ಬೇಡ, ಸಂಜೆ ವಾಟರ್‌ಮನ್ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಲಿ. 'ಮನೆ ಬಂದಿದೆ, ಪಟ್ಟಿಗೆ ಹೆಸರು' ಅಂದರೆ ಹೆಬ್ಬೆಟ್ಟು ಒತ್ತದವರುಂಟೆ? ಇಲ್ಲಿ ಸೋಮಾರಿತನ ಮಾತ್ರ ಕೂಡದು. ಕಚೇರಿಯಲ್ಲೇ ಕೂತು ಒಂದೇ ಹೆಬ್ಬೆಟ್ಟನ್ನು ಹತ್ತು ಹೆಸರಿನ ಮುಂದೆ ಒತ್ತಿದರೆ ತನಿಖೆಯಲ್ಲಿ ಸಿಕ್ಕಿಬೀಳುತ್ತೀರಿ. ಮತದಾರರ ಪಟ್ಟಿ ನೋಡಿ ಹೆಸರು ತುಂಬುವಾಗ ತೀರಿಕೊಂಡವರನ್ನೂ ಬಿಡಬೇಕು. ಅವರನ್ನು ಸಭೆಗೆ ಕರೆತಂದದ್ದಕ್ಕೆ ವಿವರಣೆ ಕೊಡುವುದು ಕಷ್ಟ.

ಆಮೇಲೆ ಖಾಲಿ ಪುಟದಲ್ಲಿ ಫಲಾನುಭವಿಗಳ ಪಟ್ಟಿ, ಸದಸ್ಯರ ಮನೆ ಮುಂದಿನ ಸಿಸಿ ರಸ್ತೆ ಎಲ್ಲ ಬರೆದು, ಕೆಳಗೆ 'ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು' ಅಂತ ಸೇರಿಸಿ.

ಯಾರಾದರೂ ನಡಾವಳಿಯ ಪ್ರತಿ ಕೇಳಿದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಲು ಹೇಳಿ. ಬಿಪಿಎಲ್‌ನವರಿಗೆ ಆ ಶುಲ್ಕ ಇಲ್ಲ, ಅದನ್ನು ಹೇಳಬೇಕಾಗಿಲ್ಲ. ಉತ್ತರಕ್ಕೆ 30 ದಿನ ಅವಕಾಶವಿದೆ. ಎಡಪುಟ ತುಂಬಿಸಲು ಒಂದು ಮಧ್ಯಾಹ್ನ ಧಾರಾಳ.